ಕನ್ನಡದ ಗಾದೆಗಳು: ಅರ್ಥ ಮತ್ತು ದಿನಬಳಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಗಾದೆಗಳ ಬಗ್ಗೆ ವಿದ್ಯಾರ್ಥಿಗಳು, ಹೆತ್ತವರು, ಅನುವಾದಕರು ಮತ್ತು ಊರು ಬಿಟ್ಟು ದೂರ ನೆಲೆಸಿದ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಗಾದೆಯೊಳಗೆ ಯಾವ ವಸ್ತುವಿನ ಹೆಸರಿದೆಯೋ ಅದನ್ನು ಬಲ್ಲವರಿಗೆ ಮಾತ್ರ ಗಾದೆ ಪೂರ್ತಿ ತಿಳಿಯುತ್ತದೆ ಎಂಬುದು ಈ ಉತ್ತರಗಳ ಹಿಂದಿರುವ ನಂಬಿಕೆ. ಕಣ, ಮೊರ, ಬಳ್ಳ, ಕೊಡೆ ಮುಂತಾದವು ಕಣ್ಣಿಂದ ಮರೆಯಾಗುತ್ತಿರುವ ಈ ಕಾಲದಲ್ಲಿ ಅವುಗಳನ್ನು ವಿವರಿಸದೆ ಗಾದೆಯ ಅರ್ಥವನ್ನಷ್ಟೇ ಹೇಳಿ ಮುಗಿಸುವುದು ಸಾಲದು.

ಗಾದೆ, ನುಡಿಗಟ್ಟು, ಒಗಟು ಇವು ಮೂರೂ ಒಂದೇ ಅಲ್ಲವೇ?

ಅಲ್ಲ. ಗಾದೆ ತನ್ನಷ್ಟಕ್ಕೆ ತಾನೇ ಪೂರ್ಣವಾದ ಮಾತು. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ಹೇಳಿ ನಿಲ್ಲಿಸಿದರೆ ಕೇಳಿದವರಿಗೆ ಏನೂ ಬಾಕಿ ಉಳಿದಂತೆ ಅನ್ನಿಸುವುದಿಲ್ಲ. ನುಡಿಗಟ್ಟು ವಾಕ್ಯದೊಳಗೆ ಸೇರಿಕೊಂಡು, ಆ ವಾಕ್ಯದ ಕಾಲಕ್ಕೂ ವಚನಕ್ಕೂ ತಕ್ಕಂತೆ ರೂಪ ಬದಲಿಸಿಕೊಳ್ಳುತ್ತದೆ: ‘ಕೈಕೊಟ್ಟನು’, ‘ಕೈಕೊಡುತ್ತಾರೆ’, ‘ಕೈಕೊಡಬೇಡ’. ಒಗಟು ಉತ್ತರವನ್ನು ಬೇಡುವ ಪ್ರಶ್ನೆ. ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬಂಥ ಹೋಲಿಕೆಯ ಮಾತುಗಳು ಗಾದೆಗೂ ನುಡಿಗಟ್ಟಿಗೂ ನಡುವೆ ನಿಲ್ಲುತ್ತವೆ. ಅವು ‘ಅಂತೆ’ ಅಥವಾ ‘ಹಾಗೆ’ ಎಂದು ಕೊನೆಗೊಳ್ಳುವುದರಿಂದ ಮುಂದೆ ‘ಆಯಿತು’ ಎಂಬ ಆಸರೆ ಬೇಕು. ಆದರೂ ಜನ ಅವನ್ನು ಗಾದೆಯೆಂದೇ ಕರೆಯುತ್ತಾರೆ, ಹಾಗೆ ಕರೆಯುವುದರಲ್ಲಿ ತಪ್ಪೂ ಇಲ್ಲ. ಗಾದೆ ಎಂಬ ಪದ ಸಂಸ್ಕೃತದ ‘ಗಾಥಾ’ ಎಂಬುದರ ತದ್ಭವ. ನಾಣ್ಣುಡಿ, ಲೋಕೋಕ್ತಿ ಎಂಬ ಹೆಸರುಗಳೂ ಬಳಕೆಯಲ್ಲಿವೆ.

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎನ್ನುತ್ತಾರೆ. ಹಾಗಿದ್ದರೆ ಒಂದಕ್ಕೊಂದು ವಿರುದ್ಧವಾದ ಗಾದೆಗಳಿರುವುದು ಹೇಗೆ?

‘ತಾಳಿದವನು ಬಾಳಿಯಾನು’ ಎಂದು ಒಂದು ಗಾದೆ ಕಾಯಲು ಹೇಳುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂದು ಇನ್ನೊಂದು ತಡಮಾಡಬೇಡ ಎನ್ನುತ್ತದೆ. ಎರಡನ್ನೂ ಎಲ್ಲ ಕಾಲಕ್ಕೂ ಸಲ್ಲುವ ನಿಯಮಗಳೆಂದು ತಿಳಿದರೆ ಒಂದು ಸುಳ್ಳಾಗಲೇಬೇಕು. ಆದರೆ ಗಾದೆ ನಿಯಮವಲ್ಲ, ಒಂದು ಸಂದರ್ಭಕ್ಕೆ ಕೊಡುವ ಮಾತು. ಜ್ವರಕ್ಕೊಂದು ಮದ್ದು, ಅಜೀರ್ಣಕ್ಕೊಂದು ಮದ್ದು ಇದ್ದರೆ ವೈದ್ಯ ತನ್ನನ್ನು ತಾನೇ ಅಲ್ಲಗಳೆದನೆಂದು ಯಾರೂ ಹೇಳುವುದಿಲ್ಲ.

ಈ ಎರಡು ಗಾದೆಗಳನ್ನು ಕಣದಲ್ಲಿ ನಿಲ್ಲಿಸಿ ನೋಡಿದರೆ ಅವುಗಳ ನಡುವೆ ಜಗಳವೇ ಇಲ್ಲವೆಂಬುದು ಕಾಣುತ್ತದೆ. ‘ತೂರು’ ಎಂದರೆ ಇಲ್ಲಿ ನುಸುಳುವುದಲ್ಲ. ಒಕ್ಕಣೆ ಮುಗಿದ ಮೇಲೆ ಕಾಳೂ ಹೊಟ್ಟೂ ಬೆರೆತ ರಾಶಿಯನ್ನು ಮೊರದಲ್ಲಿ ತುಂಬಿ, ಎತ್ತರಕ್ಕೆ ಹಿಡಿದು, ಗಾಳಿಗೆ ಸ್ವಲ್ಪಸ್ವಲ್ಪವಾಗಿ ಸುರಿಯುವುದು. ಕಾಳು ಭಾರವಾದ್ದರಿಂದ ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ಜಳ್ಳುಗಳು ದೂರ ಹಾರುತ್ತವೆ. ಗಾಳಿಯಿಲ್ಲದೆ ಈ ಕೆಲಸ ನಡೆಯದು. ಗಾಳಿಯನ್ನು ಕರೆಯುವುದು ಯಾರ ಕೈಯಲ್ಲೂ ಇಲ್ಲ. ಆದ್ದರಿಂದ ರೈತ ಗಾಳಿ ಬೀಸುವ ತನಕ ತಾಳ್ಮೆಯಿಂದ ಕಾಯುತ್ತಾನೆ, ಬೀಸಿದ ಕೂಡಲೇ ಊಟವನ್ನೂ ಬದಿಗಿಟ್ಟು ತೂರಲು ನಿಲ್ಲುತ್ತಾನೆ. ಇಂದು ಈ ಗಾದೆಯನ್ನು ಪಕ್ಷ ಬದಲಿಸುವವರ ಅವಕಾಶವಾದಕ್ಕೆ ಹೆಚ್ಚಾಗಿ ಅನ್ವಯಿಸುತ್ತಾರೆ. ತೂರಿಕೊಳ್ಳುವುದೆಂದರೆ ಸಂದಿಯಲ್ಲಿ ನುಸುಳುವುದೆಂಬ ಇನ್ನೊಂದು ಅರ್ಥ ಅದಕ್ಕೆ ದಾರಿ ಮಾಡಿಕೊಟ್ಟಿರಬೇಕು. ಆ ಬಳಕೆ ಬೇರೂರಿದೆ, ಅದನ್ನು ಕಿತ್ತುಹಾಕಲಾಗದು. ಆದರೆ ಗಾದೆಯ ಹುಟ್ಟು ದುಡಿಮೆಯಲ್ಲಿದೆ, ಕುಟಿಲತನದಲ್ಲಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಕೊಡಲೇಬೇಕು.

ಗಾದೆಗಳಲ್ಲಿ ಬರುವ ಹಳೆಯ ಪದಗಳ ಅರ್ಥ ತಿಳಿಯುವುದಿಲ್ಲ. ಮುಖ್ಯವಾದ ಕೆಲವನ್ನು ವಿವರಿಸುವಿರಾ?

ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಪ್ರಶ್ನೆ ಇದೇ ಆದ್ದರಿಂದ ಉತ್ತರವೂ ಸ್ವಲ್ಪ ಉದ್ದವಾಗುತ್ತದೆ.

‘ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ’ ಎಂಬುದರಲ್ಲಿ ‘ಬಳ್ಳ’ ಎಂದರೆ ಬಳ್ಳಿಯಲ್ಲ, ಧಾನ್ಯ ಅಳೆಯುವ ಪಾತ್ರೆ. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಎಂಬ ಅಳತೆಗಳ ಸಾಲಿನಲ್ಲಿ ಅದೂ ಒಂದು. ಹಳ್ಳದಲ್ಲಿ ಹರಿಯುವ ನೀರು ಎಷ್ಟೆಂದು ಯಾರೂ ಅಳೆಯುವುದಿಲ್ಲ, ಬಳ್ಳವಾದರೋ ಅಳೆದೇ ತುಂಬುವಂಥದ್ದು. ಗಾದೆಯ ಮೊದಲರ್ಧ ಪ್ರಕೃತಿಯ ಲೆಕ್ಕವಾದರೆ ಎರಡನೆಯರ್ಧ ಮನೆಯ ಲೆಕ್ಕ.

ಈ ಅಳತೆಗಳು ಕಣ್ಮರೆಯಾದದ್ದಕ್ಕೆ ನಿರ್ದಿಷ್ಟ ಕಾರಣವಿದೆ. 1956ರ ಕಾಯಿದೆಯ ಮೂಲಕ ದೇಶದಲ್ಲಿ ಮೆಟ್ರಿಕ್ ಅಳತೆ ತೂಕಗಳು ಬಂದವು, 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆಯ ಲೆಕ್ಕ ಆರಂಭವಾಯಿತು. ಅದಕ್ಕೂ ಮೊದಲು ರೂಪಾಯಿಗೆ ಹದಿನಾರು ಆಣೆ ಇದ್ದುದರಿಂದಲೇ ಪೂರ್ತಿ ನಿಜವಾದದ್ದನ್ನು ‘ಹದಿನಾರಾಣೆ ಸತ್ಯ’ ಎನ್ನುತ್ತಿದ್ದರು. ದುಡ್ಡು, ಕಾಸು ಎಂಬವು ಸಣ್ಣ ನಾಣ್ಯಗಳ ಹೆಸರುಗಳಾಗಿದ್ದವು. ‘ಕಾಸಿಗೆ ತಕ್ಕ ಕಜ್ಜಾಯ’ ಎಂದರೆ ಕೊಟ್ಟ ಚಿಕ್ಕ ನಾಣ್ಯಕ್ಕೆ ಸರಿಯಾದಷ್ಟೇ ತಿಂಡಿ. ಕಡಿಮೆ ಬೆಲೆಗೆ ಕೊಂಡು ಉತ್ತಮ ಗುಣಮಟ್ಟವನ್ನು ನಿರೀಕ್ಷಿಸುವವರಿಗೆ ಹೇಳುವ ಮಾತು. ನಾಣ್ಯ ಅಂಗಡಿಯಿಂದ ಹೋಗಿ ಆರು ದಶಕಗಳು ಕಳೆದರೂ ಗಾದೆಯಲ್ಲಿ ಇನ್ನೂ ಚಲಾವಣೆಯಲ್ಲಿದೆ.

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬುದರಲ್ಲಿ ‘ಒಕ್ಕಾಲು’ ಎಂದರೆ ಒಂದು ಕಾಲು ಭಾಗ. ಒಂಟಿ ಕಾಲಿನ ಮೇಲೆ ನಿಂತು ಓದುವುದೆಂದು ಬರೆದ ಉತ್ತರಪತ್ರಿಕೆಗಳನ್ನು ನಾನು ನೋಡಿದ್ದೇನೆ. ಆ ಮಕ್ಕಳ ತಪ್ಪು ಅದಲ್ಲ, ಭಿನ್ನರಾಶಿಯ ಕನ್ನಡ ಹೆಸರುಗಳನ್ನು ನಾವು ಅವರಿಗೆ ಕಲಿಸಲಿಲ್ಲ. ಬದುಕಿಗೆ ಬೇಕಾದದ್ದರಲ್ಲಿ ಓದಿನ ಪಾಲು ನಾಲ್ಕರಲ್ಲಿ ಒಂದು, ವಿವೇಕದ ಪಾಲು ನಾಲ್ಕರಲ್ಲಿ ಮೂರು ಎಂಬುದೇ ಅರ್ಥ.

‘ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು’. ಏರಿ ಎಂದರೆ ಎತ್ತರದ ದಂಡೆ, ಕೆರೆಯ ಕಟ್ಟೆ. ಕೋಣ ಎಮ್ಮೆಗಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ, ಹಾಗಾಗಿ ಬಿಸಿಲೇರಿದರೆ ಅವಕ್ಕೆ ನೀರೇ ಬೇಕು. ಎತ್ತು ಒಣನೆಲದಲ್ಲೇ ನಡೆಯಬಯಸುತ್ತದೆ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದವನ ಪಾಡು ಈ ಗಾದೆಯಲ್ಲಿದೆ. ಇಲ್ಲಿ ಯಾವ ಪ್ರಾಣಿಯದೂ ತಪ್ಪಿಲ್ಲ ಎಂಬುದನ್ನು ಗಮನಿಸಬೇಕು: ಪ್ರತಿಯೊಂದೂ ತನ್ನ ಸ್ವಭಾವದಂತೆ ನಡೆದಿದೆ, ತಪ್ಪಿರುವುದು ಜೋಡಿ ಕಟ್ಟಿದ ಕೈಯಲ್ಲಿ. ಗಂಡ ಹೆಂಡತಿ ಅಥವಾ ಪಾಲುದಾರರು ಹೊಂದಿಕೊಳ್ಳದಿದ್ದಾಗ ಒಬ್ಬರನ್ನು ಬೈಯುವುದಕ್ಕೆ ಇದನ್ನು ಬಳಸುವುದು ಗಾದೆಗೆ ಮಾಡುವ ಅನ್ಯಾಯ.

‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ’ ಎಂಬುದನ್ನು ಮಳೆಗೆ ಹಿಡಿಯುವ ಕೊಡೆಯೆಂದು ತಿಳಿದರೆ ಸ್ವಾರಸ್ಯವೇ ಕೆಡುತ್ತದೆ. ಕೊಡೆ, ಅಂದರೆ ಛತ್ರ, ಅರಸರ ಮತ್ತು ಪದವಿಯುಳ್ಳವರ ಗುರುತಾಗಿತ್ತು. ಬಿಸಿಲೂ ಇಲ್ಲದ, ನೋಡುವವರೂ ಇಲ್ಲದ ಹೊತ್ತಿನಲ್ಲಿ ಅದನ್ನು ಹಿಡಿಯುವುದು ಹೊಸ ಸಿರಿಯ ಅಮಲನ್ನು ತೋರಿಸುತ್ತದೆ. ಅಲ್ಪ ಎಂದರೆ ಬಡವನಲ್ಲ, ಸಣ್ಣ ಮನಸ್ಸಿನವನು. ಬಡತನದಿಂದ ಮೇಲೆ ಬಂದವರನ್ನು ಹಂಗಿಸಲು ಈ ಗಾದೆಯನ್ನು ಎಳೆತರುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

‘ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು’ ಎಂಬುದರ ಮೇಟಿ, ಕಣದ ನಡುವೆ ನೆಟ್ಟ ಕಂಬ. ಎತ್ತುಗಳು ಅದರ ಸುತ್ತ ತಿರುಗಿ ತೆನೆಯನ್ನು ತುಳಿದು ಕಾಳು ಬಿಡಿಸುತ್ತವೆ. ಹಾಗಾಗಿ ಮೇಟಿ ವಿದ್ಯೆ ಎಂದರೆ ಬೇಸಾಯ. ಇದು ಸರ್ವಜ್ಞನ ತ್ರಿಪದಿಯೊಂದರ ಸಾಲಿನಿಂದ ಜನರ ಬಾಯಿಗೆ ಬಂದು ಗಾದೆಯಾಗಿದೆ. ಹಾಗೆಯೇ ‘ಕಾಯಕವೇ ಕೈಲಾಸ’ ಎಂಬುದನ್ನು ಬಹಳ ಜನ ಬಸವಣ್ಣನವರ ಮಾತೆಂದು ತಿಳಿದಿದ್ದಾರೆ, ಆದರೆ ಅದು ಕಾಣಿಸಿಕೊಳ್ಳುವುದು ಅವರ ಸಮಕಾಲೀನನಾದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ನೆಲದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕ ಮಾಡಿಕೊಂಡಿದ್ದ ಶರಣನ ಬಾಯಿಂದ ಈ ಮಾತು ಬಂದಿದೆ ಎಂದು ತಿಳಿದಾಗ ಅದರ ತೂಕವೇ ಬೇರೆ.

ಅತಿ ಹೆಚ್ಚು ತಪ್ಪಾಗಿ ಅರ್ಥೈಸುವ ಗಾದೆ ಯಾವುದು?

ನನ್ನ ಲೆಕ್ಕದಲ್ಲಿ ‘ಹಿತ್ತಲ ಗಿಡ ಮದ್ದಲ್ಲ’. ಹಿತ್ತಲಲ್ಲಿ ಬೆಳೆದ ಗಿಡಕ್ಕೆ ಔಷಧಿಯ ಗುಣವಿಲ್ಲವೆಂದು ಗಾದೆ ಹೇಳುತ್ತಿಲ್ಲ. ತುಳಸಿ, ದೊಡ್ಡಪತ್ರೆ, ಒಂದೆಲಗ, ಅಮೃತಬಳ್ಳಿ ಎಲ್ಲವೂ ಹಿತ್ತಲಲ್ಲೇ ಬೆಳೆಯುತ್ತವೆ, ಎಲ್ಲವನ್ನೂ ಮನೆಮದ್ದಿಗೆ ಬಳಸುತ್ತಾರೆ. ಕೈಗೆ ಸುಲಭವಾಗಿ ಸಿಗುವುದನ್ನು ಮದ್ದೆಂದು ಒಪ್ಪದ ನಮ್ಮ ಮನಸ್ಸನ್ನು ಗಾದೆ ದೂರುತ್ತಿದೆ. ಊರಿನ ವಿದ್ವಾಂಸನನ್ನು ಬಿಟ್ಟು ದೂರದಿಂದ ಭಾಷಣಕಾರರನ್ನು ಕರೆಸಿದಾಗ, ಮನೆಯ ಮಗಳ ಸಲಹೆಯನ್ನು ಕೇಳದೆ ಅದೇ ಮಾತನ್ನು ಹೊರಗಿನವರು ಹೇಳಿದಾಗ ತಲೆಯಾಡಿಸಿದಾಗ ಇದನ್ನು ಬಳಸಬೇಕು.

‘ದಂಡಂ ದಶಗುಣಂ’ ಎಂಬ ಸಂಸ್ಕೃತದ ಮಾತಿಗೂ ಇಂಥದೇ ಗತಿ ಬಂದಿದೆ. ಏಟು ಕೊಟ್ಟರೆ ಮಕ್ಕಳು ಸರಿಹೋಗುತ್ತಾರೆ ಎಂಬುದಕ್ಕೆ ಆಧಾರವಾಗಿ ಇದನ್ನು ಎಷ್ಟೋ ತಲೆಮಾರುಗಳಿಂದ ಹೇಳಿಕೊಂಡು ಬರಲಾಗಿದೆ. ಮೂಲ ಶ್ಲೋಕದಲ್ಲಿರುವುದು ಊರುಗೋಲಿನ ಹತ್ತು ಪ್ರಯೋಜನಗಳು: ಹಕ್ಕಿ, ನಾಯಿ, ಶತ್ರು, ಹಾವು, ದನ ಇವುಗಳನ್ನು ದೂರವಿಡಲು, ಕೆಸರಿನಲ್ಲಿ, ನೀರಿನಲ್ಲಿ, ಕಣ್ಣು ಕಾಣದಾಗ, ಕತ್ತಲಲ್ಲಿ, ಮುಪ್ಪಿನಲ್ಲಿ ಆಸರೆಯಾಗಲು ಕೋಲು ನೆರವಾಗುತ್ತದೆ ಎಂಬುದಷ್ಟೇ. ಮಗುವಿನ ಹೆಸರು ಆ ಹತ್ತರಲ್ಲಿ ಎಲ್ಲಿಯೂ ಇಲ್ಲ. ಮುದುಕರ ಕೈಗೆ ಆಸರೆಯಾಗಬೇಕಾದ ಕೋಲು ಮಕ್ಕಳ ಬೆನ್ನಿಗೆ ಬಿದ್ದದ್ದು ಅರ್ಧ ಸಾಲನ್ನು ಮಾತ್ರ ನೆನಪಿಟ್ಟುಕೊಂಡ ಪರಿಣಾಮ.

ಅರ್ಧ ಮಾತ್ರ ಉಳಿದ ಬೇರೆ ಗಾದೆಗಳಿವೆಯೇ?

ಇವೆ. ‘ದುಡ್ಡೇ ದೊಡ್ಡಪ್ಪ’ ಎಂದು ನಿಲ್ಲಿಸಿಬಿಡುವುದು ಈಗ ಸಾಮಾನ್ಯವಾಗಿದೆ, ‘ವಿದ್ಯೆ ಅದರಪ್ಪ’ ಎಂಬ ಮುಂದಿನ ಭಾಗವನ್ನು ಸೇರಿಸಿದರೆ ಗಾದೆ ಹಣವನ್ನು ಹೊಗಳುತ್ತಿಲ್ಲವೆಂದು ತಿಳಿಯುತ್ತದೆ. ಅರ್ಧ ಹೇಳುವುದು ಎಲ್ಲ ಸಲವೂ ಮರೆವಲ್ಲ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಒಬ್ಬರು ಆರಂಭಿಸಿ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಇನ್ನೊಬ್ಬರು ಮುಗಿಸುವುದು ಮನೆಗಳಲ್ಲಿ ನಡೆಯುತ್ತಲೇ ಇರುತ್ತದೆ.

ಮಳೆಯ ಗಾದೆಗಳು ಇಂದಿಗೂ ನಂಬಿಕೆಗೆ ಅರ್ಹವೇ?

ಮೊದಲು ಅವುಗಳ ಲೆಕ್ಕವನ್ನು ತಿಳಿಯಬೇಕು. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ, ಹಾಗಾಗಿ ಒಂದೊಂದರಲ್ಲಿ ಸುಮಾರು 13ರಿಂದ 14 ದಿನ ಇರುತ್ತಾನೆ. ಆ ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಎರಡನೆಯ ವಾರದ ಹೊತ್ತಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರಾ, ಆಗಸ್ಟ್ ನಡುವಿನ ನಂತರ ಮಘೆ, ಅಕ್ಟೋಬರ್‌ನಲ್ಲಿ ಚಿತ್ತಾ, ಅದರ ಕೊನೆಗೆ ಸ್ವಾತಿ. ಹಳ್ಳಿಗಳಲ್ಲಿ ಇಂದಿಗೂ ‘ಜೂನ್ ಮಳೆ’ ಎನ್ನುವುದಕ್ಕಿಂತ ‘ಆರಿದ್ರಾ ಮಳೆ’ ಎನ್ನುವುದೇ ವಾಡಿಕೆ.

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬುದು ಬೇಸಗೆಯ ಕೊನೆಯ ಮಳೆಗೆ ನೆಲ ಹದಗೊಳ್ಳುವುದನ್ನು ಕುರಿತ ಮಾತು. ಆಗ ಉಳುಮೆ ಮಾಡಿಕೊಂಡವರಿಗೆ ಮುಂಗಾರು ಬಂದಾಗ ಬಿತ್ತಲು ತಡವಾಗುವುದಿಲ್ಲ. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂಬುದು ಜೋಳದ ಸೀಮೆಯಾದ ಉತ್ತರ ಕರ್ನಾಟಕದ್ದು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂಬುದಕ್ಕೆ ವಿವರಣೆ ಬೇಕಿಲ್ಲ. ಮುಂಗಾರು ನೆಲೆಗೊಳ್ಳಬೇಕಾದ ಹೊತ್ತಿನಲ್ಲಿ ಕೈಕೊಟ್ಟರೆ ಬಿತ್ತಿದ ಬೀಜವೂ ಹೋಗುತ್ತದೆ, ಅದಕ್ಕೆ ಮಾಡಿದ ಸಾಲವೂ ಉಳಿಯುತ್ತದೆ. ಇವೆಲ್ಲಕ್ಕಿಂತ ನನಗೆ ಹತ್ತಿರವಾದದ್ದು ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎಂಬುದು. ಬೆಳೆ ಮೈತುಂಬಿಕೊಳ್ಳುವ ಹೊತ್ತಿನ ಮಳೆಯನ್ನೂ ಬೆಳೆಯುವ ಮಗುವಿನ ಹಸಿವನ್ನೂ ಒಂದೇ ಪ್ರೀತಿಯಿಂದ ನೋಡಿದ ತಾಯಿಯೊಬ್ಬಳ ದನಿ ಅದರಲ್ಲಿ ಕೇಳಿಸುತ್ತದೆ. ಇಂದು ಹೇಳುವಾಗ ‘ಮನೆಮಗಳು’ ಎಂದು ಸೇರಿಸಿದರೆ ಪ್ರಾಸವೂ ಕೆಡುವುದಿಲ್ಲ, ಮನೆಯೂ ದೊಡ್ಡದಾಗುತ್ತದೆ.

ಇನ್ನು ನಂಬಿಕೆಯ ಮಾತು. ಈ ಲೆಕ್ಕ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ, ಋತುಗಳಾದರೋ ಭೂಮಿಯ ಅಕ್ಷದ ಓಲುವಿಕೆಯನ್ನು ಅವಲಂಬಿಸಿವೆ. ಆ ಅಕ್ಷವೂ ನಿಧಾನವಾಗಿ ತಿರುಗುತ್ತಿರುವುದರಿಂದ ನಕ್ಷತ್ರದ ಲೆಕ್ಕವು ಋತುವಿನ ಲೆಕ್ಕದಿಂದ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತದೆ. ಐದು ಶತಮಾನಗಳ ಹಿಂದೆ ಹುಟ್ಟಿದ ಗಾದೆಯ ಆರಿದ್ರಾ ಇಂದು ಋತುವಿನ ಲೆಕ್ಕದಲ್ಲಿ ಏಳು ದಿನದಷ್ಟು ತಡವಾಗಿ ಆರಂಭವಾಗುತ್ತದೆ. ಇದರ ಜೊತೆಗೆ ಬೀಜದ ತಳಿಗಳು ಬದಲಾಗಿವೆ, ಎಷ್ಟೋ ಕಡೆ ಕಾಲುವೆ ಕೊಳವೆಬಾವಿಗಳು ಬಂದಿವೆ, ಮಳೆಯ ಸ್ವರೂಪವೂ ಮೊದಲಿನಂತಿಲ್ಲ. ಆದ್ದರಿಂದ ಬಿತ್ತನೆಯ ದಿನವನ್ನು ಗೊತ್ತುಮಾಡಲು ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಬೇಕು. ಆದರೆ ಮಳೆಯ ಕ್ರಮ ಹೇಗಿತ್ತು, ಯಾವ ಹೊತ್ತಿನಲ್ಲಿ ಯಾವ ಬೆಳೆಗೆ ಏನು ಬೇಕಾಗುತ್ತಿತ್ತು ಎಂಬುದನ್ನು ತಿಳಿಯಲು ಈ ಗಾದೆಗಳಿಗಿಂತ ಚಿಕ್ಕದಾದ, ನೆನಪಿನಲ್ಲಿ ಉಳಿಯುವ ದಾಖಲೆ ಬೇರೊಂದಿಲ್ಲ.

ಗಾದೆಗಳು ಇಷ್ಟು ಸುಲಭವಾಗಿ ನೆನಪಿನಲ್ಲಿ ಉಳಿಯುವುದೇಕೆ?

ಪ್ರಾಸದಿಂದ. ಹಳೆಯ ಕನ್ನಡ ಕಾವ್ಯದಲ್ಲಿ ಸಾಲಿನ ಎರಡನೆಯ ಅಕ್ಷರ ಮುಂದಿನ ಸಾಲಿನ ಎರಡನೆಯ ಅಕ್ಷರಕ್ಕೆ ಹೊಂದಬೇಕೆಂಬ ಕಟ್ಟುನಿಟ್ಟಿತ್ತು; ಅದನ್ನು ಆದಿಪ್ರಾಸವೆನ್ನುತ್ತಾರೆ. ಅಕ್ಷರ ಬಾರದವರೂ ಕಟ್ಟಿದ ಗಾದೆಗಳಲ್ಲಿ ಅದೇ ಹೊಂದಿಕೆ ಪದಪದಗಳ ನಡುವೆ ಕಾಣಿಸುತ್ತದೆ: ಕೋಟಿ ಮತ್ತು ಮೇಟಿ, ಹಳ್ಳ ಮತ್ತು ಬಳ್ಳ, ತಾಳಿ ಮತ್ತು ಬಾಳಿ, ಮಾತು ಮತ್ತು ಮುತ್ತು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದನ್ನು ಒಮ್ಮೆ ಕೇಳಿದವರು ಮರೆಯುವುದು ಕಷ್ಟ. ಗಾದೆಯನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದುವಾಗ ಈ ಹೊಂದಿಕೆ ಮುರಿಯದಂತೆ ನೋಡಿಕೊಳ್ಳಬೇಕು. ಪದ ಗ್ರಾಮ್ಯವಾಗಿದೆಯೆಂದು ಬದಲಿಸಿದರೆ ವ್ಯಾಕರಣ ಉಳಿದು ಗಾದೆ ಹೋಗುತ್ತದೆ.

ಹಿರಿಯರೊಂದಿಗೆ, ಕಚೇರಿಯಲ್ಲಿ, ಸಭೆಯಲ್ಲಿ ಗಾದೆಯನ್ನು ಬಳಸುವಾಗ ಯಾವ ಎಚ್ಚರಿಕೆ ಬೇಕು?

ಗಾದೆ ಸಾಮಾನ್ಯವಾಗಿ ಹಿರಿಯರಿಂದ ಕಿರಿಯರ ಕಡೆಗೆ ಹರಿಯುವ ಮಾತು. ಕಿರಿಯರು ಹಿರಿಯರಿಗೆ ಹೇಳಬೇಕಾದಾಗ ‘ನೀವೇ ಹೇಳುತ್ತಿದ್ದಿರಲ್ಲ’ ಎಂದೋ ‘ದೊಡ್ಡವರು ಹೇಳುವ ಹಾಗೆ’ ಎಂದೋ ಮುನ್ನುಡಿಯನ್ನು ಸೇರಿಸುವುದು ವಾಡಿಕೆ. ಹಾಗೆ ಮಾಡಿದಾಗ ಬುದ್ಧಿ ಹೇಳಿದಂತಾಗದೆ, ಅವರ ಮಾತನ್ನೇ ನೆನಪಿಸಿದಂತಾಗುತ್ತದೆ. ಸಹೋದ್ಯೋಗಿಯ ಮುಖದೆದುರು ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎಂದರೆ ಅದು ಬೈಗುಳ. ಅದನ್ನೇ ‘ಕುಣಿಯಲಾರದೆ ನೆಲ ಡೊಂಕು ಎನ್ನುತ್ತಿದ್ದೇನೆಂದು ತಿಳಿಯಬೇಡಿ, ಯಂತ್ರ ನಿಜವಾಗಿಯೂ ಕೆಟ್ಟಿದೆ’ ಎಂದು ತನ್ನ ಮೇಲೆಯೇ ಹಾಕಿಕೊಂಡು ಹೇಳಿದರೆ ಕೆಲಸವೂ ಆಗುತ್ತದೆ, ಯಾರಿಗೂ ನೋವಾಗುವುದಿಲ್ಲ.

ಯಾರು ಯಾರಿಗೆ ಹೇಳುತ್ತಾರೆ ಎಂಬುದರಿಂದ ಅರ್ಥವೇ ಬದಲಾಗುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ತಂದೆ ಕಂತಿನ ಸಾಲದಲ್ಲಿ ಕಾರು ಕೊಳ್ಳಹೊರಟ ಮಗನಿಗೆ ಹೇಳಿದರೆ ಅದು ಕಾಳಜಿ. ಕೂಲಿ ಹೆಚ್ಚಿಸಿ ಎಂದು ಕೇಳಿದವರಿಗೆ ಧಣಿ ಹೇಳಿದರೆ ಅದು ಕ್ರೌರ್ಯ, ಏಕೆಂದರೆ ಹಾಸಿಗೆಯನ್ನು ಚಿಕ್ಕದಾಗಿ ಇಟ್ಟಿರುವುದು ಅವನೇ. ಉಪ್ಪಿನ ಗಾದೆಗಳಲ್ಲೂ ಹೀಗೆಯೇ ಆರಿಸಿ ಬಳಸಬೇಕು. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬುದು ತಪ್ಪಿನ ಫಲವನ್ನು ಕುರಿತದ್ದು, ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬುದು ಕೃತಜ್ಞತೆಯನ್ನು ಕುರಿತದ್ದು. ಬೀಳ್ಕೊಡುಗೆಯ ಸಭೆಯಲ್ಲಿ ಎರಡನೆಯದರ ಬದಲು ಮೊದಲನೆಯದನ್ನು ಹೇಳಿ ಸಭೆಯನ್ನೇ ಮೌನಗೊಳಿಸಿದ ಭಾಷಣವೊಂದನ್ನು ನಾನು ಕೇಳಿದ್ದೇನೆ.

ಸಾವಿನ ಮನೆಯಲ್ಲಿ ಗಾದೆ ಬೇಡ.

ಹೆಂಗಸರನ್ನು, ಜಾತಿಗಳನ್ನು, ಅಂಗವಿಕಲರನ್ನು ಹೀಗಳೆಯುವ ಗಾದೆಗಳನ್ನು ಏನು ಮಾಡಬೇಕು?

ಅಂಥವು ಕನ್ನಡದಲ್ಲಿ ಸಾಕಷ್ಟಿವೆ, ಇಲ್ಲವೆಂದು ನಟಿಸುವುದು ಪ್ರಾಮಾಣಿಕತೆಯಲ್ಲ. ಅವುಗಳನ್ನು ಸಂಗ್ರಹಗಳಿಂದಲೂ ನಿಘಂಟುಗಳಿಂದಲೂ ಅಳಿಸಬಾರದು, ಏಕೆಂದರೆ ಹಿಂದಿನ ಸಮಾಜ ಯಾರನ್ನು ಹೇಗೆ ನೋಡಿತೆಂಬುದಕ್ಕೆ ಅವು ಸಾಕ್ಷಿ. ಆದರೆ ಮಾತಿನಲ್ಲಿ ಬಳಸಬಾರದು; ‘ಗಾದೆ ತಾನೇ, ನಾನೇನು ಹುಟ್ಟಿಸಿದ್ದಲ್ಲ’ ಎಂಬ ಸಮಜಾಯಿಷಿ ಸಲ್ಲದು. ಕಸುಬಿನ ಹೆಸರಿರುವ ಎಲ್ಲ ಗಾದೆಗಳೂ ಕೀಳಲ್ಲ ಎಂಬುದನ್ನೂ ಹೇಳಬೇಕು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬುದು ಕಟ್ಟುವವನ ಶ್ರಮವನ್ನು ಗೌರವಿಸುತ್ತದೆ.

ಒಂದು ಗಾದೆಯ ಬಗ್ಗೆ ವಿಶೇಷವಾಗಿ ಹೇಳಲೇಬೇಕು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ಸಣ್ಣಪುಟ್ಟ ಮುನಿಸಿಗೆ ಸಲ್ಲುವ ಮಾತು. ಹೆಣ್ಣೊಬ್ಬಳು ಏಟು ತಿಂದು ತವರಿಗೆ ಬಂದಾಗ ಇದನ್ನು ಹೇಳಿ ಅವಳನ್ನು ಹಿಂದಕ್ಕೆ ಕಳಿಸಿದ ಮನೆಗಳಿವೆ. ಹೊಡೆತ ಜಗಳವಲ್ಲ, ಅಪರಾಧ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ ಕಾಯಿದೆ 2005ರಲ್ಲೇ ಬಂದಿದೆ, 181 ಮಹಿಳಾ ಸಹಾಯವಾಣಿಯ ಸಂಖ್ಯೆ. ಅಂಥ ಸಂದರ್ಭದಲ್ಲಿ ಹಿರಿಯರು ನೆನಪಿಸಿಕೊಳ್ಳಬೇಕಾದದ್ದು ಗಾದೆಯನ್ನಲ್ಲ, ಆ ಸಂಖ್ಯೆಯನ್ನು.

ಕನ್ನಡದ ಗಾದೆಗಳು ಬೇರೆ ಭಾಷೆಗಳಲ್ಲೂ ಇವೆಯಲ್ಲ, ಅವು ಯಾರವು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ತೆಲುಗಿನಲ್ಲೂ ತಮಿಳಿನಲ್ಲೂ ಹೆಚ್ಚುಕಡಿಮೆ ಹೀಗೆಯೇ ಇದೆ. ‘ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗಾಗೆದ್ದು ರಾಮನಿಗೂ ಸೀತೆಗೂ ಏನು ಸಂಬಂಧ ಎಂದ’ ಎಂಬುದು ತೆಲುಗು ಮರಾಠಿಗಳಲ್ಲೂ ಇದೆ; ತಮಿಳಿನಲ್ಲಿ ಕೇಳುಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ ರಾಮನು ಸೀತೆಗೆ ಚಿಕ್ಕಪ್ಪ ಎಂದುಬಿಡುತ್ತಾನೆ. ರಾತ್ರಿಯಿಡೀ ಬಯಲಾಟ, ಹರಿಕಥೆಗಳನ್ನು ಕೇಳುವ ಪದ್ಧತಿ ಈ ಎಲ್ಲ ನಾಡುಗಳಲ್ಲಿ ಇತ್ತು, ನಡುವೆ ನಿದ್ದೆಗೆ ಜಾರುವವರೂ ಎಲ್ಲ ಕಡೆ ಇದ್ದರು. ಇಂಥ ಗಾದೆ ಯಾರದೆಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಅನುವಾದಕರಿಗೆ ಮಾತ್ರ ಒಂದು ವಿನಂತಿ: ‘ರೋಮ್ ಒಂದೇ ದಿನದಲ್ಲಿ ಕಟ್ಟಲಿಲ್ಲ’ ಎಂದು ಪದಕ್ಕೆ ಪದ ಇಡುವ ಮೊದಲು ಮೇಲೆ ಹೇಳಿದ ಕುಂಬಾರನನ್ನು ಒಮ್ಮೆ ನೆನೆಯಿರಿ.

ಪರೀಕ್ಷೆಯಲ್ಲಿ ‘ಗಾದೆಯನ್ನು ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರಿಸುವುದು ಹೇಗೆ?

ಹೆಚ್ಚಿನ ಉತ್ತರಗಳು ‘ಗಾದೆಗಳು ವೇದಗಳಿಗೆ ಸಮಾನ’ ಎಂದೇ ಆರಂಭವಾಗುತ್ತವೆ. ಆ ಸಾಲಿನಿಂದ ಅಂಕ ಕಳೆದುಹೋಗುವುದಿಲ್ಲ, ಆದರೆ ಅದು ಯಾವ ಗಾದೆಗೆ ಬೇಕಾದರೂ ಹೊಂದುವುದರಿಂದ ಈ ಗಾದೆಯ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಬದಲಾಗಿ ಗಾದೆಯಲ್ಲಿರುವ ವಸ್ತು ಅಥವಾ ಕ್ರಿಯೆಯನ್ನು ಎರಡು ವಾಕ್ಯಗಳಲ್ಲಿ ವಿವರಿಸಿ, ಅದು ಬದುಕಿನ ಯಾವ ಸಂಗತಿಯನ್ನು ಸೂಚಿಸುತ್ತದೆ ಎಂಬುದನ್ನು ಹೇಳಿ, ನಂತರ ನಿಮ್ಮ ಮನೆ, ಶಾಲೆ ಅಥವಾ ಊರಿನ ಒಂದು ನಿಜವಾದ ಉದಾಹರಣೆಯನ್ನು ಕೊಡಿ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದಕ್ಕೆ ಗದ್ದೆಯ ನಾಟಿಯನ್ನು ನೋಡಿದ ಮಗು ಬರೆದ ನಾಲ್ಕು ಸಾಲುಗಳು, ಕಂಠಪಾಠ ಮಾಡಿದ ಒಂದು ಪುಟಕ್ಕಿಂತ ಓದುವವರ ಮನಸ್ಸಿಗೆ ಬೇಗ ತಟ್ಟುತ್ತವೆ.

ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಗಾದೆಗಳನ್ನು ಕಲಿಸುವುದು ಹೇಗೆ?

ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ. ಒಂದು ಸಂಜೆ ವಿದ್ಯುದ್ದೀಪವನ್ನು ಆರಿಸಿ ಹಣತೆ ಹಚ್ಚಿ, ಅದರ ಬುಡದಲ್ಲಿ ಬೀಳುವ ನೆರಳನ್ನು ತೋರಿಸಿ. ‘ದೀಪದ ಕೆಳಗೆ ಕತ್ತಲೆ’ ಎಂಬುದನ್ನು ಆಮೇಲೆ ಹೇಳಿ. ಚಾವಣಿಯ ಬಲ್ಬನ್ನು ಮಾತ್ರ ಕಂಡ ಮಗುವಿಗೆ ಈ ಗಾದೆ ಸುಳ್ಳೆಂದೇ ತೋರುತ್ತದೆ. ಕುಂಡದಲ್ಲಿ ಬೀಜ ಹಾಕಿದಾಗ ‘ಬೆಳೆಯುವ ಸಿರಿ ಮೊಳಕೆಯಲ್ಲೇ ನೋಡು’ ಎನ್ನಬಹುದು, ಕೊಡ ತುಂಬಿಸಿ ಎತ್ತಿ ನಡೆಯಲು ಹೇಳಿ, ಅರ್ಧ ತುಂಬಿದ ಕೊಡದ ಸದ್ದನ್ನು ಕೇಳಿಸಬಹುದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದನ್ನು ಬೈಯುವುದಕ್ಕೆ ಬಳಸಬೇಡಿ. ತೋಟಗಾರ ಎಳೆಯ ಗಿಡಕ್ಕೆ ಪಕ್ಕದಲ್ಲಿ ಕೋಲು ನೆಟ್ಟು ಮೆತ್ತನೆಯ ಹುರಿಯಿಂದ ಕಟ್ಟುವುದನ್ನು ತೋರಿಸಿ. ವಾರಕ್ಕೊಂದು ಗಾದೆ ಸಾಕು.

ಗಾದೆಯ ಸರಿಯಾದ ರೂಪವನ್ನು ಎಲ್ಲಿ ನೋಡಬೇಕು? ಮನೆಯ ಹಿರಿಯರ ಗಾದೆಗಳನ್ನು ಬರೆದಿಡುವುದು ಹೇಗೆ?

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಬಳಕೆಗೆ ಉದಾಹರಣೆಯಾಗಿ ನೂರಾರು ಗಾದೆಗಳನ್ನು ಕೊಡಲಾಗಿದೆ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಪ್ರಕಟಿಸಿದ ನಿಘಂಟು ಹಳೆಯ ಪದಗಳ ಅರ್ಥಕ್ಕೆ ನೆರವಾಗುತ್ತದೆ. ಆದರೆ ಗಾದೆಗೆ ಒಂದೇ ಸರಿಯಾದ ರೂಪವೆಂಬುದಿಲ್ಲ. ಧಾರವಾಡದ ಕಡೆ ‘ಕೈ ಕೆಸರಾದ್ರ ಬಾಯಿ ಮೊಸರ’ ಎಂದರೆ ಅದು ಅಲ್ಲಿಯ ಸರಿಯಾದ ರೂಪ.

ಬರೆದಿಡುವಾಗ ಗಾದೆಯನ್ನು ತಿದ್ದದೆ, ಅವರು ಉಚ್ಚರಿಸಿದಂತೆಯೇ ಬರೆಯಿರಿ. ಅದರ ಕೆಳಗೆ ಊರು, ತಾಲ್ಲೂಕು, ಹೇಳಿದವರ ಸುಮಾರು ವಯಸ್ಸು, ಅವರು ಮಾಡುತ್ತಿದ್ದ ಕೆಲಸ ಮತ್ತು ಯಾವ ಸಂದರ್ಭದಲ್ಲಿ ಯಾರಿಗೆ ಹೇಳಿದರೆಂಬುದನ್ನು ನಮೂದಿಸಿ. ತಿಳಿಯದ ಪದವಿದ್ದರೆ ಅವರನ್ನೇ ಕೇಳಿ, ಸಾಧ್ಯವಾದರೆ ಆ ವಸ್ತುವನ್ನು ಅಟ್ಟದಿಂದ ಇಳಿಸಿ ಚಿತ್ರ ತೆಗೆದಿಡಿ. ಮೊಬೈಲಿನಲ್ಲಿ ದನಿಯನ್ನೂ ಮುದ್ರಿಸಿಕೊಳ್ಳಿ. ನಮ್ಮ ಅಜ್ಜಿಯ ನೂರಕ್ಕೂ ಹೆಚ್ಚು ಗಾದೆಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಆಗ ಸಂದರ್ಭವನ್ನು ಬರೆಯಲಿಲ್ಲವಾದ್ದರಿಂದ ಅವುಗಳಲ್ಲಿ ಎಷ್ಟೋ ಗಾದೆಗಳನ್ನು ಅವರು ಯಾರಿಗೆ, ಯಾಕೆ ಹೇಳುತ್ತಿದ್ದರೆಂಬುದು ಈಗ ನನಗೆ ನೆನಪಿಲ್ಲ, ಕೇಳಲು ಅವರೂ ಇಲ್ಲ.